ಕಾರಿಲ್ಲದೆ ಸಿಡ್ನಿಯ ಜಲಪಾತಗಳಿಗೆ: ಒಂದು ಸ್ಟೇಷನ್ನಲ್ಲಿ ಇಳಿದು, ಇನ್ನೊಂದರಲ್ಲಿ ಹತ್ತಿ

ಸಿಡ್ನಿಗೆ ಬಂದ ಮೊದಲ ವರ್ಷ ನಮ್ಮ ಹತ್ತಿರ ಕಾರಿರಲಿಲ್ಲ. ಶುಕ್ರವಾರ ಸಂಜೆಯಾದರೆ ಯಾರಾದರೂ ಗೆಳೆಯರು ಫೋನ್ ಮಾಡಿ "ನಾಳೆ ಬ್ಲೂ ಮೌಂಟನ್ಸ್‌ಗೆ ಹೊರಟಿದ್ದೀವಿ, ಹಿಂದೆ ಎರಡು ಸೀಟಿದೆ" ಅನ್ನಲಿ ಅಂತ ಕಾಯುತ್ತಿದ್ದೆವು. ಸಿಡ್ನಿಯ ಪಶ್ಚಿಮಕ್ಕಿರುವ ಬೆಟ್ಟಸಾಲು ಅದು. ಹೆಚ್ಚಿನ ವಾರ ಆ ಫೋನ್ ಬರುತ್ತಿರಲಿಲ್ಲ. ಕಾದು ಕಾದು ಬೇಸರವಾಗಿ ಒಂದು ಶನಿವಾರ ಚಿತ್ರಾನ್ನ ಕಟ್ಟಿಕೊಂಡು ನಾವೇ ರೈಲು ಹತ್ತಿದೆವು.

ಈಗ ಮನೆ ಮುಂದೆ ಕಾರಿದೆ. ಆದರೂ ಕಾಡಿಗೆ ಹೊರಟರೆ ರೈಲೇ. ಕಾರಲ್ಲಿ ಹೋದವರು ಎಷ್ಟೇ ದೂರ ನಡೆಯಲಿ, ಕೊನೆಗೆ ಕಾರು ನಿಲ್ಲಿಸಿದ ಜಾಗಕ್ಕೇ ವಾಪಸ್ ಬರಬೇಕು. ರೈಲಲ್ಲಿ ಹೋದವರಿಗೆ ಆ ತಾಪತ್ರಯ ಇಲ್ಲ. ಒಂದು ಸ್ಟೇಷನ್ನಲ್ಲಿ ಇಳಿದು, ಕಾಡೊಳಗೆ ನಡೆದು, ಮುಂದಿನ ಸ್ಟೇಷನ್ನಲ್ಲಿ ಹತ್ತಿದರಾಯಿತು. ಅದೂ ಅಲ್ಲದೆ ನಡೆದು ಕಾಲು ಸೋತ ಮೇಲೆ ಎರಡು ಗಂಟೆ ಡ್ರೈವ್ ಮಾಡುವವರು ಯಾರು ಅನ್ನುವ ಜಗಳವೂ ಇರುವುದಿಲ್ಲ.

ಹೊಸದಾಗಿ ಬಂದವರು, ಓದಲು ಬಂದ ಹುಡುಗ ಹುಡುಗಿಯರು, ಮಕ್ಕಳನ್ನು ನೋಡಲು ಮೂರು ತಿಂಗಳಿಗೆ ಬಂದ ಅಪ್ಪ ಅಮ್ಮಂದಿರು, ಇವರಿಗೆಲ್ಲ ಆಗುವ ಹಾಗೆ ಬರೆಯುತ್ತಿದ್ದೇನೆ. ನಾನು ನಡೆದ, ಮತ್ತೆ ಮತ್ತೆ ಹೋಗುವ ದಾರಿಗಳು ಇವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜೋಗ ನೋಡಿದ ಕಣ್ಣಲ್ಲಿ ಇಲ್ಲಿಗೆ ಬರಬೇಡಿ. ವೆಂಟ್‌ವರ್ತ್ ಫಾಲ್ಸ್ ಎತ್ತರ 187 ಮೀಟರ್. ಜೋಗದ 253ರ ಮುಂದೆ ಅದೇನೂ ಕಮ್ಮಿಯಲ್ಲ. ಆದರೆ ನೀರು? ಮಳೆಗಾಲದ ಶರಾವತಿ ಎಲ್ಲಿ, ಈ ತೊರೆಗಳೆಲ್ಲಿ! ಇಲ್ಲಿಯವು ಸಣ್ಣ ಹಳ್ಳಗಳು. ಮಳೆ ಬಂದು ಎರಡು ಮೂರು ದಿನದಲ್ಲಿ ಹೋದರೆ ಚೆನ್ನಾಗಿ ಧುಮುಕುತ್ತವೆ, ತಿಂಗಳು ಮಳೆಯಿಲ್ಲದಿದ್ದರೆ ಗೋಡೆ ಒದ್ದೆಯಾದಂತೆ ಕಾಣುತ್ತವೆ. ನಮ್ಮ ಹಾಗೆ ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ ಅನ್ನುವ ಲೆಕ್ಕವೂ ಇಲ್ಲಿಲ್ಲ. ಹಾಗಾಗಿ ಕ್ಯಾಲೆಂಡರ್ ನೋಡುವುದಕ್ಕಿಂತ ಹಿಂದಿನ ವಾರ ಮಳೆ ಬಂತಾ ಅಂತ ನೋಡಿ.

ಕಾಡು ಅಂದರೂ ಅಷ್ಟೇ. ಇಲ್ಲಿಯವರು 'ಬುಷ್' ಅನ್ನುತ್ತಾರೆ, ನಡೆಯುವುದು 'ಬುಷ್‌ವಾಕ್'. ಮಲೆನಾಡಿನ ಹಾಗೆ ಕತ್ತಲೆ ಕವಿದ ಕಾಡಲ್ಲ. ಎಲ್ಲಿ ನೋಡಿದರೂ ನೀಲಗಿರಿ ಮರ. ಬ್ಲೂ ಮೌಂಟನ್ಸ್ ಅನ್ನುವುದನ್ನು ಕನ್ನಡಕ್ಕೆ ತಂದರೆ ನೀಲಗಿರಿಯೇ ಆಗುತ್ತದೆ, ಆ ಗಿರಿಯ ತುಂಬ ಇರುವ ಮರವೂ ನಮ್ಮ ಬಾಯಲ್ಲಿ ನೀಲಗಿರಿಯೇ! ಊಟಿಯಿಂದ ಹೆಸರು ಪಡೆದ ಮರ ಇಲ್ಲಿ ತನ್ನ ತವರಲ್ಲಿದೆ. ಹಳ್ಳದ ಕೊರಕಲಿಗೆ ಇಳಿದರೆ ಮಾತ್ರ ಬೇರೆ ಲೋಕ. ಅಲ್ಲಿ ತೇವ, ಪಾಚಿ, ಆಳೆತ್ತರದ ಜರಿಗಿಡ, ತಣ್ಣಗಿನ ಗಾಳಿ. ಜಲಪಾತ ಇರುವುದೂ ಅಲ್ಲೇ.

ಹಿಂದಿನ ರಾತ್ರಿ ನೋಡಬೇಕಾದದ್ದು

ಮೊದಲು ರೈಲು ಓಡುತ್ತಿದೆಯಾ ನೋಡಿ. ತಮಾಷೆಯಲ್ಲ. ಇಲ್ಲಿ ಹಳಿ ರಿಪೇರಿಯನ್ನು ಹೆಚ್ಚಾಗಿ ವೀಕೆಂಡಲ್ಲೇ ಇಟ್ಟುಕೊಳ್ಳುತ್ತಾರೆ. 'ಟ್ರ್ಯಾಕ್‌ವರ್ಕ್' ಅನ್ನುತ್ತಾರೆ. ಆವತ್ತು ರೈಲಿನ ಬದಲು ಬಸ್ಸು. ನಾವು ಎರಡನೇ ಸಲ ಹೊರಟಾಗ ಇದನ್ನು ನೋಡದೆ ಬೆಳಿಗ್ಗೆ ಏಳಕ್ಕೆ ಸ್ಟೇಷನ್‌ಗೆ ಹೋಗಿ ನಿಂತೆವು. ಪ್ಲಾಟ್‌ಫಾರಂ ಖಾಲಿ. ಹೊರಗೆ ಬಸ್ಸಿಗೆ ಸಾಲು. ಬಸ್ಸು ಸುತ್ತಿ ಬಳಸಿ ಹೋಗಿ, ನಡುವೆ ಇನ್ನೊಂದು ಬಸ್ಸಿಗೆ ಬದಲಾಯಿಸಿ, ಕಾಡಿನ ಬಾಗಿಲಿಗೆ ಮುಟ್ಟುವಾಗ ಹನ್ನೊಂದೂವರೆ. ತಂದ ಚಿತ್ರಾನ್ನ ಬಸ್ಸಲ್ಲೇ ಖಾಲಿಯಾಗಿತ್ತು. ಟ್ರಾನ್ಸ್‌ಪೋರ್ಟ್ ಎನ್‌ಎಸ್‌ಡಬ್ಲ್ಯೂ ವೆಬ್‌ಸೈಟಿನಲ್ಲೋ ಟ್ರಿಪ್‌ವ್ಯೂ ಆ್ಯಪಿನಲ್ಲೋ ನಾಳೆಯ ತಾರೀಖು ಹಾಕಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಟ್ರ್ಯಾಕ್‌ವರ್ಕ್ ಇದ್ದರೆ ಬೇರೆ ದಿಕ್ಕಿನ ಲೈನ್ ಹಿಡಿಯಿರಿ. ಪಶ್ಚಿಮಕ್ಕೆ ಇಲ್ಲದಿದ್ದರೆ ದಕ್ಷಿಣಕ್ಕೆ.

ಎರಡನೆಯದು, ದಾರಿ ತೆರೆದಿದೆಯಾ. ಇದನ್ನು ಎರಡು ಕಡೆ ನೋಡಬೇಕು. ನ್ಯಾಷನಲ್ ಪಾರ್ಕ್‌ನ ದಾರಿಗಳ ಸುದ್ದಿ ಎನ್‌ಎಸ್‌ಡಬ್ಲ್ಯೂ ನ್ಯಾಷನಲ್ ಪಾರ್ಕ್ಸ್ ವೆಬ್‌ಸೈಟಿನ 'ಅಲರ್ಟ್ಸ್' ಪುಟದಲ್ಲಿರುತ್ತದೆ. ಲಾಸನ್, ಲ್ಯೂರಾ ಕಡೆಯ ಕೆಲವು ದಾರಿಗಳು ಮಾತ್ರ ಬ್ಲೂ ಮೌಂಟನ್ಸ್ ಸಿಟಿ ಕೌನ್ಸಿಲ್‌ಗೆ ಸೇರಿದ್ದು, ಅವುಗಳ ಸುದ್ದಿ ಕೌನ್ಸಿಲ್ ಸೈಟಿನಲ್ಲಿ. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟರೆ 'ಟ್ರ್ಯಾಕ್ ಕ್ಲೋಸ್ಡ್' ಬೋರ್ಡಿನ ಮುಂದೆ ಫೋಟೋ ತೆಗೆಸಿಕೊಂಡು ಬರಬೇಕಾಗುತ್ತದೆ. ಬೋರ್ಡ್ ದಾಟಿ ಹೋಗುವ ಧೈರ್ಯ ಮಾತ್ರ ಬೇಡ. 2022ರ ಏಪ್ರಿಲ್‌ನಲ್ಲಿ ವೆಂಟ್‌ವರ್ತ್ ಪಾಸ್ ದಾರಿಯಲ್ಲಿ ಬಂಡೆ ಕುಸಿದು ಒಂದೇ ಕುಟುಂಬದ ಇಬ್ಬರು ತೀರಿಕೊಂಡರು. ಇಲ್ಲಿಯ ಮರಳುಗಲ್ಲು ಜೋರು ಮಳೆಯಾದ ಮೇಲೆ ಹೀಗೆ ಕಳಚಿಕೊಳ್ಳುತ್ತದೆ. ಜಲಪಾತ ತುಂಬಿ ಹರಿಯುವುದೂ ಮಳೆಯಾದ ಮೇಲೆಯೇ. ಅದಕ್ಕೇ ಮಳೆ ನಿಂತ ಮರುದಿನವೇ ಓಡಬೇಡಿ, ಎರಡು ದಿನ ಬಿಟ್ಟು ಹೋಗಿ ಅನ್ನುವುದು.

ಮೂರನೆಯದು ಬೆಂಕಿ. ಅಕ್ಟೋಬರ್ 1ರಿಂದ ಮಾರ್ಚ್ 31ರ ತನಕ ಕಾಡ್ಗಿಚ್ಚಿನ ಕಾಲ. ತುಂಬ ಬಿಸಿಲು, ಗಾಳಿ ಇರುವ ದಿನ ಪಾರ್ಕ್‌ಗಳನ್ನೇ ಮುಚ್ಚುವುದುಂಟು. ಅಂಥ ದಿನ ಬೀಚಿಗೆ ಹೋಗಿ.

ಕೊನೆಯದಾಗಿ, ವಾಪಸ್ ಬರುವ ರೈಲುಗಳ ಸಮಯ ಬರೆದಿಟ್ಟುಕೊಳ್ಳಿ. ಬೆಟ್ಟದ ಲೈನಲ್ಲಿ ರೈಲು ಸುಮಾರು ಗಂಟೆಗೊಂದು. ಕಣ್ಣೆದುರೇ ಹೋದರೆ ಚಳಿಯಲ್ಲಿ ಒಂದು ಗಂಟೆ ಕೂರಬೇಕು. ಜೂನ್, ಜುಲೈನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಕೊರಕಲಿನ ಒಳಗೆ ಅದಕ್ಕೂ ಒಂದು ಗಂಟೆ ಮೊದಲೇ ಕತ್ತಲು. ನಾನು ಯಾವಾಗಲೂ ಲೆಕ್ಕ ಹಾಕುವುದು ಹಿಂದಿನಿಂದ: ಯಾವ ರೈಲಿಗೆ ವಾಪಸ್, ಅದಕ್ಕೆ ಎಷ್ಟು ಹೊತ್ತಿಗೆ ಕಾಡಿಂದ ಹೊರಗೆ ಬರಬೇಕು, ಹಾಗಾದರೆ ಬೆಳಿಗ್ಗೆ ಎಷ್ಟಕ್ಕೆ ಹೊರಡಬೇಕು.

ಟಿಕೆಟ್ಟು

ಇಲ್ಲಿಯ ರೈಲು, ಬಸ್ಸಿಗೆಲ್ಲ ತಾಗಿಸುವ ಓಪಲ್ ಕಾರ್ಡ್ ಇಲ್ಲದಿದ್ದರೂ ನಡೆಯುತ್ತದೆ. ನಿಮ್ಮ ಬ್ಯಾಂಕ್ ಕಾರ್ಡನ್ನೋ ಫೋನನ್ನೋ ತಾಗಿಸಿದರೂ ದೊಡ್ಡವರ ದರ ಅದೇ. ಆದರೆ ಒಬ್ಬರಿಗೆ ಒಂದು ಕಾರ್ಡ್. ಒಂದೇ ಕಾರ್ಡಲ್ಲಿ ಗಂಡ ಹೆಂಡತಿ ಇಬ್ಬರೂ ಹೋಗಲು ಬರುವುದಿಲ್ಲ. 4ರಿಂದ 15 ವರ್ಷದ ಮಕ್ಕಳಿಗೆ ಚೈಲ್ಡ್ ಓಪಲ್ ಮಾಡಿಸಿದರೆ ಕಮ್ಮಿ. ಊರಿಂದ ಬಂದ ಅಪ್ಪ ಅಮ್ಮನಿಗೆ ಇಲ್ಲಿಯ ಸೀನಿಯರ್ ರಿಯಾಯಿತಿ ಸಿಗುವುದಿಲ್ಲ, ಪೂರ್ತಿ ದರವೇ.

ಒಂದು ದಿನಕ್ಕೆ ಇಷ್ಟಕ್ಕಿಂತ ಜಾಸ್ತಿ ಕತ್ತರಿಸುವುದಿಲ್ಲ ಅಂತ ಮಿತಿ ಇದೆ. ಶನಿವಾರ, ಭಾನುವಾರ, ಸರ್ಕಾರಿ ರಜೆಯ ದಿನಗಳಲ್ಲಿ ಆ ಮಿತಿ ಸೋಮವಾರದಿಂದ ಗುರುವಾರದವರೆಗಿನ ದರದ ಅರ್ಧದಷ್ಟೇ. 2023ರ ಅಕ್ಟೋಬರ್‌ನಿಂದ ಶುಕ್ರವಾರವೂ ಆ ಲೆಕ್ಕಕ್ಕೆ ಸೇರಿದೆ. ಅಂದರೆ ಹೆಚ್ಚುಕಮ್ಮಿ 10 ಡಾಲರ್‌ಗೆ ಕಟೂಂಬಾಕ್ಕೆ ಹೋಗಿ, ಅಲ್ಲಿ ಬಸ್ಸಲ್ಲೂ ಓಡಾಡಿ, ಮನೆಗೆ ಬರಬಹುದು. ಶುಕ್ರವಾರ ರಜೆ ಸಿಕ್ಕರೆ ಬಿಡಬೇಡಿ, ದಾರಿಯಲ್ಲಿ ಜನವೇ ಇರುವುದಿಲ್ಲ. ಪಾರ್ಕ್ ಫೀಸು ಇರುವ ಕಡೆಯೂ ಅದು ಗಾಡಿಗೆ. ನಡೆದು ಹೋಗುವವರಿಗೆ ಏನೂ ಇಲ್ಲ.

ಬೆಟ್ಟದ ಸಣ್ಣ ಸ್ಟೇಷನ್‌ಗಳಲ್ಲಿ ಗೇಟ್ ಇರುವುದಿಲ್ಲ, ಹತ್ತುವಾಗ, ಇಳಿದಾಗ ಕಾರ್ಡ್ ತಾಗಿಸಲು ಒಂದು ಕಂಬ ಇರುತ್ತದೆ ಅಷ್ಟೇ. ಮಾತಾಡುತ್ತಾ ಹಾಗೇ ಹೊರಗೆ ಬಂದು 'ಟ್ಯಾಪ್ ಆಫ್' ಮರೆತರೆ ದೊಡ್ಡ ದರವೇ ಬೀಳುತ್ತದೆ. ಇನ್ನೊಂದು: ಕೆಲವು ಸ್ಟೇಷನ್‌ಗಳ ಪ್ಲಾಟ್‌ಫಾರಂ ರೈಲಿಗಿಂತ ಚಿಕ್ಕದು. ಎಲ್ಲ ಬೋಗಿಯ ಬಾಗಿಲೂ ತೆರೆಯುವುದಿಲ್ಲ. ಯಾವ ಬೋಗಿಯಲ್ಲಿ ಕೂರಬೇಕು ಅಂತ ಘೋಷಣೆಯಲ್ಲಿ ಹೇಳುತ್ತಾರೆ. ಕಿವಿಗೆ ಇಯರ್‌ಫೋನ್ ಹಾಕಿ ಕೂತರೆ ನಿಮ್ಮ ಸ್ಟೇಷನ್ ನಿಮ್ಮ ಕಣ್ಣೆದುರೇ ಹಿಂದೆ ಹೋಗುತ್ತದೆ.

ಮೊದಲ ಸಲಕ್ಕೆ: ಲಾಸನ್

ಯಾರು ಕೇಳಿದರೂ ನಾನು ಮೊದಲು ಹೇಳುವುದು ಲಾಸನ್. ಟೂರಿಸ್ಟ್ ಬಸ್ಸು ಬರುವುದಿಲ್ಲ, ಕಟೂಂಬಾದ ತ್ರೀ ಸಿಸ್ಟರ್ಸ್ ಬಂಡೆಯ ಮುಂದಿನ ಜಾತ್ರೆ ಇಲ್ಲಿಲ್ಲ. ಸುಮಾರು ಮೂರು ಕಿ.ಮೀ. ಸುತ್ತಿನಲ್ಲಿ ನಾಲ್ಕು ಜಲಪಾತ: ಅಡೆಲಿನಾ, ಜಂಕ್ಷನ್, ಫೆಡರಲ್, ಕ್ಯಾಟರ‍್ಯಾಕ್ಟ್.

ಸೆಂಟ್ರಲ್‌ನಿಂದ ಬ್ಲೂ ಮೌಂಟನ್ಸ್ ಲೈನ್ ಹಿಡಿಯಿರಿ. ನಮ್ಮವರು ಜಾಸ್ತಿ ಇರುವ ಪ್ಯಾರಮಟ್ಟ, ವೆಸ್ಟ್‌ಮೀಡ್, ಬ್ಲ್ಯಾಕ್‌ಟೌನ್‌ಗಳಲ್ಲೂ ಈ ರೈಲು ನಿಲ್ಲುತ್ತದೆ, ಸಿಟಿಗೆ ಹೋಗಿ ಹತ್ತುವ ಅಗತ್ಯವಿಲ್ಲ. ಪೆನ್ರಿತ್ ದಾಟಿ ನದಿ ಕಳೆದ ಮೇಲೆ ರೈಲು ಬೆಟ್ಟ ಹತ್ತುತ್ತದೆ. ಈ ರೈಲಲ್ಲಿ ಟಾಯ್ಲೆಟ್ ಇದೆ. ಇಳಿಯುವ ಮೊದಲು ಒಮ್ಮೆ ಹೋಗಿಬನ್ನಿ, ಕಾಡೊಳಗೆ ಇಲ್ಲ.

ಲಾಸನ್‌ನಲ್ಲಿ ಇಳಿದು ಹೆದ್ದಾರಿಯ ದಕ್ಷಿಣ ಬದಿಗೆ ಬನ್ನಿ. ಹಾನರ್ ಅವೆನ್ಯೂ ಅನ್ನುವ ರಸ್ತೆ ಹಿಡಿದು ಮನೆಗಳ ನಡುವೆ ಹದಿನೈದು ನಿಮಿಷ ನಡೆದರೆ ದಾರಿಯ ಬೋರ್ಡ್ ಸಿಗುತ್ತದೆ. ಅಲ್ಲಿಂದ ಇಳಿಜಾರು. ಹತ್ತು ಹೆಜ್ಜೆಗೆ ರಸ್ತೆಯ ಸದ್ದು ಕಮ್ಮಿಯಾಗುತ್ತಾ ಬಂದು, ನೀರಿನ ಸದ್ದು ಜಾಸ್ತಿಯಾಗುತ್ತದೆ. ಮೊದಲು ಸಿಗುವುದು ಅಡೆಲಿನಾ. ಚಿಕ್ಕದು, ಆದರೆ ಬುಡದ ತನಕ ಹೋಗಿ ನಿಲ್ಲಬಹುದು. ನನಗೆ ಇಷ್ಟ ಕೊನೆಯ ಕ್ಯಾಟರ‍್ಯಾಕ್ಟ್. ಬಂಡೆಯ ಚಾಚಿನ ಮೇಲಿಂದ ನೀರು ಬೀಳುತ್ತದೆ, ಸುತ್ತ ಜರಿಗಿಡಗಳು ಕೊಡೆ ಬಿಚ್ಚಿದ ಹಾಗೆ ನಿಂತಿರುತ್ತವೆ. ಮಕ್ಕಳನ್ನು ಕರೆದುಕೊಂಡು, ಕೂತು ಎದ್ದು ತಿಂದು ಹೋದರೂ ಎರಡೂವರೆ ಗಂಟೆ ಸಾಕು. ಮೆಟ್ಟಿಲು, ಬೇರು, ಜಾರುವ ಕಲ್ಲು ಎಲ್ಲ ಇವೆ. ಚಪ್ಪಲಿ ನಡೆಯುವುದಿಲ್ಲ.

ನಮ್ಮ ಅಪ್ಪ ಬಂದಾಗ ಕರೆದುಕೊಂಡು ಹೋಗಿದ್ದೆ. ತೀರ್ಥಹಳ್ಳಿ ಕಡೆಯವರು, ಎಪ್ಪತ್ತು ದಾಟಿದೆ, ಜೀವಮಾನ ಪೂರ್ತಿ ಅಡಿಕೆ ತೋಟದಲ್ಲಿ ನಡೆದ ಕಾಲು. "ಇದಕ್ಕೆಲ್ಲ ಎರಡು ಗಂಟೆ ರೈಲಲ್ಲಿ ಬರಬೇಕಿತ್ತೇನೋ, ನಮ್ಮನೆ ಹಿಂದಿನ ಹಳ್ಳ ಸಾಕಿತ್ತು" ಅಂತ ಅಡೆಲಿನಾ ಮುಂದೆ ನಿಂತು ಅಂದರು. ಫೆಡರಲ್ ಫಾಲ್ಸ್ ಹತ್ತಿರ ಕಲ್ಲಿನ ಮೇಲೆ ಕೂತು ಸಾಕ್ಸ್ ಕೆಳಗೆ ಮಾಡಿದಾಗ ಮುಖ ಅರಳಿತು. "ಉಂಬಳ ಕಣೋ! ಇಲ್ಲೂ ಇದಾವೆ!" ಊರಿನ ನೆಂಟರು ಸಿಕ್ಕ ಹಾಗೆ ಮಾಡಿದರು. ಅಲ್ಲಿಂದ ಮುಂದೆ ಈ ಕಾಡಿನ ಮೇಲೆ ಅವರಿಗೆ ಗೌರವ ಬಂತು. ಸ್ಟೇಷನ್ ಮುಟ್ಟುವ ತನಕ ಅವರ ಮಾತೆಲ್ಲ ಉಂಬಳದ್ದೇ.

ಹೌದು, ಮಳೆಯಾದ ಮೇಲೆ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ, ಇರುತ್ತವೆ. ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಉಳಿದವರಿಗೆ: ಎಳೆದು ಕೀಳಬೇಡಿ, ಉಗುರಿಂದ ಬಾಯಿಯ ಪಕ್ಕದಲ್ಲಿ ಕೆರೆದರೆ ಬಿಡುತ್ತದೆ. ರೋಗ ತರುವುದಿಲ್ಲ, ನವೆ ಮಾತ್ರ ನಾಲ್ಕು ದಿನ ಇರುತ್ತದೆ.

ಅಪ್ಪ ಅಮ್ಮ ಜೊತೆಗಿದ್ದರೆ: ಲ್ಯೂರಾದಿಂದ ಕಟೂಂಬಾ

ಮಂಡಿ ನೋವಿನ ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಅನ್ನುವ ಪ್ರಶ್ನೆ ಎಲ್ಲರ ಮನೆಯಲ್ಲೂ ಬರುತ್ತದೆ. ಲ್ಯೂರಾದಲ್ಲಿ ಇಳಿಯಿರಿ. ಸ್ಟೇಷನ್ ಎದುರಿಗೇ ಲ್ಯೂರಾ ಮಾಲ್ ರಸ್ತೆ. ಮಾಲ್ ಅಂದರೆ ಶಾಪಿಂಗ್ ಮಾಲ್ ಅಲ್ಲ, ಎರಡೂ ಬದಿ ಅಂಗಡಿ ಇರುವ ಚೆಂದದ ಬೀದಿ. ವಸಂತದಲ್ಲಿ ನಡುವಿನ ಚೆರ‍್ರಿ ಮರಗಳು ಹೂ ಬಿಡುತ್ತವೆ. ಕಾಫಿ ಕುಡಿದು ದಕ್ಷಿಣಕ್ಕೆ ನಡೆದರೆ ಲ್ಯೂರಾ ಕ್ಯಾಸ್ಕೇಡ್ಸ್‌ಗೆ ಸುಮಾರು ಅರ್ಧ ಗಂಟೆ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹರಿಯುವ ನೀರಿನ ಪಕ್ಕದಲ್ಲೇ ದಾರಿ. ಅಮ್ಮ ಅಲ್ಲೇ ಮೇಲಿನ ಬೆಂಚಿನಲ್ಲಿ ಕೂರಲಿ. ಗಟ್ಟಿ ಕಾಲಿನವರು ಕೆಳಗಿಳಿದು ಬ್ರೈಡಲ್ ವೇಲ್ ಫಾಲ್ಸ್ ನೋಡಿ ಬರಬಹುದು.

ಅಲ್ಲಿಂದ ಪ್ರಿನ್ಸ್ ಹೆನ್ರಿ ಕ್ಲಿಫ್ ವಾಕ್ ಅನ್ನುವ ದಾರಿ ಬಂಡೆಯ ಅಂಚಿನಲ್ಲೇ ಎಕೋ ಪಾಯಿಂಟ್ ಕಡೆ ಹೋಗುತ್ತದೆ. ಎಡಕ್ಕೆ ಪೂರ್ತಿ ಜೇಮಿಸನ್ ಕಣಿವೆ. ದಾರಿ ಸಮತಟ್ಟು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಹತ್ತಿ ಇಳಿಯುವ ಮೆಟ್ಟಿಲು ಸಾಕಷ್ಟಿವೆ. ಆದರೆ ಒಂದು ಅನುಕೂಲ, ಈ ದಾರಿ ರಸ್ತೆಗೆ ಹತ್ತಿರದಲ್ಲೇ ಸಾಗುತ್ತದೆ. ಸಾಕಾಯಿತು ಅಂದ ಕಡೆ ಮೇಲೆ ಬಂದು ರಸ್ತೆ ಸೇರಬಹುದು.

ಎಕೋ ಪಾಯಿಂಟ್‌ನಲ್ಲಿ ತ್ರೀ ಸಿಸ್ಟರ್ಸ್ ಬಂಡೆ, ಜನ, ಸೆಲ್ಫಿ, ಐಸ್‌ಕ್ರೀಮ್. ನೋಡಿ ಬಿಡಿ. ಇನ್ನೂ ಕಸುವಿದ್ದರೆ ಅದೇ ದಾರಿಯಲ್ಲಿ ಮುಂದೆ ಕಟೂಂಬಾ ಕ್ಯಾಸ್ಕೇಡ್ಸ್ ಇದೆ. ಕಟೂಂಬಾ ಅನ್ನುವ ಹೆಸರೇ ಬೀಳುವ ನೀರು ಅನ್ನುವ ಅರ್ಥದ ಇಲ್ಲಿಯ ಮೂಲ ಜನರ ಮಾತಿನಿಂದ ಬಂದದ್ದು ಅನ್ನುತ್ತಾರೆ. ಗುಂಡುಂಗುರ‍್ರಾ ಮತ್ತು ಡರುಗ್ ಜನರ ನೆಲ ಇದು. ಎಕೋ ಪಾಯಿಂಟ್‌ನಿಂದ ಕಟೂಂಬಾ ಸ್ಟೇಷನ್‌ಗೆ 686 ನಂಬರ್ ಬಸ್ಸಿದೆ, ನಡೆದರೆ ಅರ್ಧ ಗಂಟೆಯ ಮೇಲಾಗುತ್ತದೆ.

ಎಕೋ ಪಾಯಿಂಟ್‌ನಿಂದ ಜೈಂಟ್ ಸ್ಟೇರ್‌ವೇ ಅಂತ 900ಕ್ಕೂ ಜಾಸ್ತಿ ಮೆಟ್ಟಿಲು ಕಣಿವೆಗೆ ಇಳಿಯುತ್ತವೆ. ಇಳಿಯುವುದು ಸುಲಭ. ದಾರಿ ತೆರೆದಿದ್ದರೆ ಕೆಳಗೆ ಮಳೆಕಾಡಿನಲ್ಲಿ ನಡೆದು ಸೀನಿಕ್ ರೈಲ್ವೆಯಲ್ಲಿ ಮೇಲೆ ಬರಬಹುದು. 52 ಡಿಗ್ರಿ ಕಡಿದಾದ ಹಳಿ ಅದು, ಕೂತರೆ ಮಕ್ಕಳು ಕಿರುಚುತ್ತಾರೆ, ದೊಡ್ಡವರೂ. ಅದು ಖಾಸಗಿಯವರದು, ಓಪಲ್ ನಡೆಯುವುದಿಲ್ಲ, ದುಬಾರಿ. ಕೊನೆಯ ಗಾಡಿ ಎಷ್ಟು ಹೊತ್ತಿಗೆ ಅಂತ ಇಳಿಯುವ ಮೊದಲೇ ಕೇಳಿಕೊಳ್ಳಿ. ತಪ್ಪಿದರೆ ಆ ಎಲ್ಲ ಮೆಟ್ಟಿಲೂ ನಿಮ್ಮವೇ.

ವೆಂಟ್‌ವರ್ತ್ ಫಾಲ್ಸ್

ಒಂದೇ ಜಲಪಾತ ನೋಡುವುದಾದರೆ ಇದನ್ನೇ ನೋಡಿ. 1836ರ ಜನವರಿಯಲ್ಲಿ ಚಾರ್ಲ್ಸ್ ಡಾರ್ವಿನ್ ಇಲ್ಲಿಗೆ ಬಂದಿದ್ದರು. ಬೀಗಲ್ ಹಡಗಿನಲ್ಲಿ ಲೋಕ ಸುತ್ತುವಾಗ ಸಿಡ್ನಿಯಲ್ಲಿ ಇಳಿದು, ಕುದುರೆಯ ಮೇಲೆ ಬೆಟ್ಟ ಹತ್ತಿ ಬಂದವರು. ಅವರು ಹಳ್ಳದ ಗುಂಟ ನಡೆದ ದಾರಿಯ ಹೆಸರು ಈಗ ಡಾರ್ವಿನ್ಸ್ ವಾಕ್. ಅದೇ ನಮಗೆ ಸ್ಟೇಷನ್‌ನಿಂದ ಜಲಪಾತಕ್ಕೆ ದಾರಿ. ಹೆದ್ದಾರಿ ದಾಟಿ ವಿಲ್ಸನ್ ಪಾರ್ಕ್‌ಗೆ ಬನ್ನಿ, ಅಲ್ಲಿಂದ ಶುರು. ಸುಮಾರು ಎರಡೂವರೆ ಕಿ.ಮೀ. ಕಾರಲ್ಲಿ ಬಂದವರು ಪಿಕ್‌ನಿಕ್ ಏರಿಯಾದಲ್ಲಿ ಪಾರ್ಕಿಂಗ್ ಹುಡುಕುತ್ತಾ ಸುತ್ತುವಾಗ ನಾವು ಜೇಮಿಸನ್ ಹಳ್ಳದ ಪಕ್ಕದಲ್ಲಿ, ಮರದ ಹಲಗೆಯ ಸೇತುವೆಗಳ ಮೇಲೆ ನಿಧಾನಕ್ಕೆ ಬರುತ್ತಿರುತ್ತೇವೆ.

ಈ ದಾರಿಯ ಮಜಾ ಏನು ಗೊತ್ತಾ? ಹಳ್ಳ ಇಡೀ ದಾರಿ ಸುಮ್ನೆ ಹರಿಯುತ್ತದೆ. ಮೊಣಕಾಲುದ್ದದ ನೀರು, ಅಲ್ಲಲ್ಲಿ ಬಾತುಕೋಳಿ. ಇದು ಎಲ್ಲೂ ಬೀಳುವ ಲಕ್ಷಣವೇ ಕಾಣುವುದಿಲ್ಲ. ಆಮೇಲೆ ಒಮ್ಮೆಲೇ ಮರಗಳು ಮುಗಿದು, ಮುಂದೆ ನೆಲವೇ ಇಲ್ಲ. ನೀರು ಅಂಚಿನಿಂದ ಹೊರಗೆ ಹೋಗಿಬಿಡುತ್ತದೆ. ಡಾರ್ವಿನ್ ಬೆರಗಾದದ್ದೂ ಇಂಥ ಅಂಚಿನಲ್ಲೇ.

ಪಿಕ್‌ನಿಕ್ ಏರಿಯಾದಲ್ಲಿ ಟಾಯ್ಲೆಟ್ ಇದೆ. ಅಲ್ಲಿಂದ ಮೂರು ಹಂತ. ವೆಂಟ್‌ವರ್ತ್ ಫಾಲ್ಸ್ ಲುಕ್‌ಔಟ್ ಹತ್ತಿರದ್ದು, ಎಲ್ಲರಿಗೂ ಆಗುತ್ತದೆ. ಜಲಪಾತದ ಪೂರ್ತಿ ಉದ್ದ ಕಾಣಬೇಕಾದರೆ ಪ್ರಿನ್ಸಸ್ ರಾಕ್ ಲುಕ್‌ಔಟ್‌ಗೆ ಇಳಿಯಿರಿ, ಮೆಟ್ಟಿಲು ಇದ್ದರೂ ನಿಧಾನಕ್ಕೆ ಆಗುವಂಥದ್ದು. ಮೂರನೆಯದು ಜಲಪಾತದ ನೆತ್ತಿ. ಕಲ್ಲಿಂದ ಕಲ್ಲಿಗೆ ಹೆಜ್ಜೆ ಇಟ್ಟು ಹಳ್ಳ ದಾಟಬೇಕು. ದಾಟಿದ ಮೇಲೆ ಗ್ರ್ಯಾಂಡ್ ಸ್ಟೇರ್‌ವೇ. ನೂರು ವರ್ಷಕ್ಕೂ ಹಿಂದೆ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಬಂಡೆಗೆ ಅಂಟಿಕೊಂಡು ಕೆಳಗೆ ಹೋಗುತ್ತವೆ. ಇದಕ್ಕೆ ಮಾತ್ರ ಎತ್ತರದ ಹೆದರಿಕೆ ಇಲ್ಲದವರು, ಮಂಡಿ ಗಟ್ಟಿ ಇರುವವರು ಹೋಗಿ. ನನ್ನ ಹೆಂಡತಿ ಅರ್ಧ ಇಳಿದು, ಕಣ್ಣು ಮುಚ್ಚಿ, ಕಂಬಿ ಹಿಡಿದು ವಾಪಸ್ ಹತ್ತಿದಳು. ನಾನು ಕೆಳಗೆ ಹೋಗಿ ಬಂದೆ. ಅದನ್ನು ಇವತ್ತಿಗೂ ಹೇಳುತ್ತಾಳೆ.

ಮೇಲಿನ ಹಳ್ಳದ ನೀರನ್ನು ಬಾಟಲಿಗೆ ತುಂಬಬೇಡಿ. ನೋಡಲು ತಿಳಿ. ಆದರೆ ಆ ಹಳ್ಳ ಊರಿನ ಮಧ್ಯೆ, ರಸ್ತೆ ಚರಂಡಿಯ ನೀರು ಸೇರಿಸಿಕೊಂಡು ಬಂದಿರುತ್ತದೆ. ಲಾಸನ್‌ಗೂ ಲ್ಯೂರಾಕ್ಕೂ ಇದೇ ಮಾತು. ಬೆಟ್ಟದ ನೆತ್ತಿಯ ಮೇಲೆ ಊರು, ಇಳಿಜಾರಿನಲ್ಲಿ ಜಲಪಾತ. ರೈಲಿಂದ ನಡೆದು ಹೋಗುವಷ್ಟು ಹತ್ತಿರ ಇರುವುದಕ್ಕೂ ಅದೇ ಕಾರಣ ಅನ್ನಿ.

ವಾಟರ್‌ಫಾಲ್ ಅನ್ನುವ ಸ್ಟೇಷನ್

ಸಿಡ್ನಿಯ ದಕ್ಷಿಣಕ್ಕೆ ಟಿ4 ಲೈನಿನ ಕೊನೆಯ ಸ್ಟೇಷನ್ನಿನ ಹೆಸರೇ ವಾಟರ್‌ಫಾಲ್. ಹೆಸರು ನೋಡಿ ಇಳಿದು "ಎಲ್ಲಿ ಜಲಪಾತ?" ಅಂತ ಪ್ಲಾಟ್‌ಫಾರಂನಲ್ಲಿ ಸುತ್ತ ನೋಡಿದರೆ ಮರ, ಹೆದ್ದಾರಿ, ನಾಲ್ಕು ಮನೆ. ಜಲಪಾತಕ್ಕೆ ನಡೆಯಬೇಕು. ಇಳಿದು ಬೇರೆ ಕಡೆ ಹತ್ತುವುದು ಅಂತ ಮೊದಲು ಹೇಳಿದೆನಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಸ್ಟೇಷನ್‌ನ ಪೂರ್ವಕ್ಕೆ ರಾಯಲ್ ನ್ಯಾಷನಲ್ ಪಾರ್ಕ್. 1879ರಲ್ಲಿ ಆದದ್ದು. ಅಮೆರಿಕದ ಯೆಲ್ಲೋಸ್ಟೋನ್ ಬಿಟ್ಟರೆ ಲೋಕದಲ್ಲೇ ಹಳೆಯದು ಅಂತ ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಉಲೂಲಾ ಟ್ರ್ಯಾಕ್ ಹಿಡಿದು ಹೋದರೆ ಉಲೂಲಾ ಫಾಲ್ಸ್, ಅಲ್ಲಿಂದ ಕಾರ‍್ಲೂ ಪೂಲ್, ಅಲ್ಲಿಂದ ಹೀತ್‌ಕೋಟ್ ಸ್ಟೇಷನ್. ಒಟ್ಟು 10-11 ಕಿ.ಮೀ. ಕೂತು ತಿಂದು ಹೋಗಲು ಐದು ಗಂಟೆ ಇಟ್ಟುಕೊಳ್ಳಿ.

ಜಲಪಾತ ಅನ್ನಲು ಉಲೂಲಾ ಸ್ವಲ್ಪ ಬಡವ. ಅಗಲ ಬಂಡೆಯ ಮೇಲೆ ನೀರು ಜಾರಿ ಬೀಳುತ್ತದೆ. ಮಳೆ ಇಲ್ಲದಿದ್ದರೆ ಅದೂ ಇಲ್ಲ. ಆದರೆ ಆ ಬಂಡೆ ಬಿಸಿಲಿಗೆ ಬೆಚ್ಚಗಾಗಿರುತ್ತದೆ. ಅದರ ಮೇಲೆ ಕೂತು ಬುತ್ತಿ ಬಿಚ್ಚುವ ಸುಖಕ್ಕೇ ಹೋಗಬೇಕು. ಪುಳಿಯೋಗರೆ, ಮೊಸರನ್ನ, ಒಂದು ಹಪ್ಪಳ ಇದ್ದರಂತೂ ಕೇಳುವುದೇ ಬೇಡ. ಮುಂದೆ ಕಾರ‍್ಲೂ ಪೂಲ್ ಅನ್ನುವುದು ಕಾಂಗರೂ ಹಳ್ಳದ ಒಂದು ಹಸಿರು ಮಡು. ಬೇಸಿಗೆಯಲ್ಲಿ ಈಜುವವರು ತುಂಬಿರುತ್ತಾರೆ. ನೀವೂ ಇಳಿಯಬಹುದು, ಮೇಲಿನ ಬಂಡೆಯಿಂದ ಮಾತ್ರ ಹಾರಬೇಡಿ. ನೀರೊಳಗೆ ಕಲ್ಲು ಎಲ್ಲಿದೆ ಗೊತ್ತಾಗುವುದಿಲ್ಲ.

ಕಾರ‍್ಲೂ ಬಿಟ್ಟ ಮೇಲೆ ಏರು. ದಾರಿಯ ಕೊನೆಯಲ್ಲಿ ಇದಿರುವುದು ಸ್ವಲ್ಪ ಅನ್ಯಾಯವೇ. ಈಜಿ, ಉಂಡು, ನಿದ್ದೆ ಬರುವ ಹೊತ್ತಿಗೆ ಬಂಡೆಗಳ ನಡುವೆ ಹತ್ತಬೇಕು. ನೀರು ಅಲ್ಲಿಗೆ ಒಂದು ಲೀಟರಾದರೂ ಉಳಿಸಿಕೊಂಡಿರಿ. ಅಷ್ಟು ದೂರ ಬೇಡ ಅಂದರೆ ಹೀತ್‌ಕೋಟ್‌ನಲ್ಲೇ ಇಳಿದು ಕಾರ‍್ಲೂಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬನ್ನಿ, ಒಂದು ಕಡೆಗೆ ಮೂರು ಕಿ.ಮೀ. ಚಿಲ್ಲರೆ. ಟಿ4 ರೈಲಲ್ಲಿ ಟಾಯ್ಲೆಟ್ ಇಲ್ಲ, ಸಿಟಿಯಿಂದ ಸುಮಾರು ಒಂದು ಗಂಟೆ ಬೇಕು, ಇದನ್ನು ನೆನಪಿಡಿ.

ಅರ್ಧ ದಿನ ಮಾತ್ರ ಸಿಕ್ಕರೆ

ಪ್ಯಾರಮಟ್ಟ ಕಡೆಯವರು ಲೇಕ್ ಪ್ಯಾರಮಟ್ಟ ಸುತ್ತಿ ಬನ್ನಿ. 1856ರಲ್ಲಿ ಕಟ್ಟಿದ ಕಮಾನು ಅಣೆಕಟ್ಟು, ಸುತ್ತ ನಾಲ್ಕು ಕಿ.ಮೀ.ಯಷ್ಟು ಕಾಡುದಾರಿ. ಅಪಾರ್ಟ್‌ಮೆಂಟುಗಳ ಇಷ್ಟು ಹತ್ತಿರ ಇಂಥ ಬುಷ್ ಇದೆ ಅಂತ ಅಲ್ಲೇ ವರ್ಷಗಟ್ಟಲೆ ಇದ್ದವರಿಗೂ ಗೊತ್ತಿರುವುದಿಲ್ಲ. ಉತ್ತರದ ಬೀಚಿನ ಕಡೆಯಾದರೆ ವಿನ್‌ಯಾರ್ಡ್‌ನಿಂದ ಹಳದಿ ಬಣ್ಣದ ಬಿ-ಲೈನ್ ಬಸ್ಸು ಹತ್ತಿ ವಾರಿವುಡ್‌ನಲ್ಲಿ ಇಳಿಯಿರಿ. ಜೌಗು ನೆಲದ ಮೇಲಿನ ಹಲಗೆ ದಾರಿಯಲ್ಲಿ ನಡೆದು ಇರಾವಾಂಗ್ ಫಾಲ್ಸ್ ನೋಡಬಹುದು. ಫೋಟೋಗಳಲ್ಲಿ ಚೆಂದ ಕಾಣುವ ಫಿಟ್ಜ್‌ರಾಯ್ ಫಾಲ್ಸ್‌ನ ಆಸೆ ಸದ್ಯಕ್ಕೆ ಬಿಡಿ. ಸ್ಟೇಷನ್‌ನಿಂದ ನಡೆಯುವಷ್ಟು ಹತ್ತಿರ ಇಲ್ಲ, ಅದಕ್ಕೆ ಕಾರೇ ಬೇಕು.

ಚೀಲ, ಹಾವು, ಫೋನು

ಒಬ್ಬರಿಗೆ ಎರಡು ಲೀಟರ್ ನೀರು, ಬೇಸಿಗೆಯಲ್ಲಿ ಮೂರು. ಟೋಪಿ, ಸನ್‌ಸ್ಕ್ರೀನ್. ನಮ್ಮ ಬಣ್ಣಕ್ಕೆ ಬೇಡ ಅನ್ನುವವರು ಒಂದು ದಿನ ಹಾಗೇ ಹೋಗಿ ನೋಡಲಿ. ಹಿಡಿತ ಇರುವ ಶೂ. ಒಂದು ಜಾಕೆಟ್ ಯಾವಾಗಲೂ ಇರಲಿ, ಕಟೂಂಬಾ ಸಾವಿರ ಮೀಟರ್ ಎತ್ತರದಲ್ಲಿದೆ, ಸಿಟಿಯಲ್ಲಿ ಬಿಸಿಲಿದ್ದ ದಿನವೂ ಅಲ್ಲಿ ಮಂಜು. ಸಣ್ಣ ಟಾರ್ಚು. ಕಸ ತರಲು ಒಂದು ಕವರ್, ಬಾಳೆಹಣ್ಣಿನ ಸಿಪ್ಪೆಯನ್ನೂ ವಾಪಸ್ ತರಬೇಕು.

ಹಾವಿನ ಭಯ ಎಲ್ಲರಿಗೂ ಇರುತ್ತದೆ. ಇಷ್ಟು ವರ್ಷದಲ್ಲಿ ನಾನು ದಾರಿಯಲ್ಲಿ ಕಂಡದ್ದು ಎರಡೇ ಸಲ, ಎರಡೂ ಸಲ ಹೊಟ್ಟೆ ಕೆಂಪಗಿನ ಕರಿ ಹಾವು, ಎರಡೂ ಸಲ ಅದೇ ಮೊದಲು ಓಡಿದ್ದು. ಹಾಗಂತ ಕ್ರೇಪ್ ಬ್ಯಾಂಡೇಜ್ ಬಿಟ್ಟು ಹೋಗುವುದಿಲ್ಲ. ಕಚ್ಚಿದರೆ ತೊಳೆಯಬಾರದು, ಕೊಯ್ಯಬಾರದು, ಹಗ್ಗ ಬಿಗಿದು ರಕ್ತ ನಿಲ್ಲಿಸಲೂ ಬಾರದು. ಕೈಯೋ ಕಾಲೋ ಇಡೀ ಉದ್ದಕ್ಕೆ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಅಲ್ಲಾಡದ ಹಾಗೆ ಕಟ್ಟಿ, ಆ ಮನುಷ್ಯನನ್ನು ಕೂತಲ್ಲೇ ಕೂರಿಸಿ ಇಲ್ಲಿಯ ತುರ್ತು ನಂಬರ್ 000ಗೆ ಫೋನ್ ಮಾಡಬೇಕು. ನಡೆಸಬೇಡಿ.

ಫೋನ್ ಸಿಗ್ನಲ್ ಮೇಲೆ ಇರುತ್ತದೆ, ಕೊರಕಲಿಗೆ ಇಳಿದರೆ ಮಾಯ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. 'ಎಮರ್ಜೆನ್ಸಿ ಪ್ಲಸ್' ಅನ್ನುವ ಉಚಿತ ಆ್ಯಪ್ ಹಾಕಿಕೊಂಡರೆ ನೀವಿರುವ ಜಾಗವನ್ನು ಸರಿಯಾಗಿ ತೋರಿಸುತ್ತದೆ, 000ದವರಿಗೆ ಅದನ್ನೇ ಓದಿ ಹೇಳಬಹುದು. ಉದ್ದದ ದಾರಿಗೆ ಹೋಗುವವರಿಗೆ ಬ್ಲೂ ಮೌಂಟನ್ಸ್‌ನಲ್ಲಿ ಇನ್ನೊಂದು ಸೌಲಭ್ಯ ಇದೆ. ಸಹಾಯದ ಸಂಕೇತವನ್ನು ಸ್ಯಾಟಲೈಟ್‌ಗೆ ಕಳಿಸುವ ಪಿಎಲ್‌ಬಿ ಅನ್ನುವ ಪುಟ್ಟ ಯಂತ್ರವನ್ನು ಕಟೂಂಬಾ ಪೊಲೀಸ್ ಸ್ಟೇಷನ್ನಿನಲ್ಲಿ ಪುಕ್ಕಟೆ ಕಡ ಕೊಡುತ್ತಾರೆ. ಅಲ್ಲೇ ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಅಂತ ಬರೆಸಿ ಹೋಗಬಹುದು. ಸುಮ್ನೆ ಲಾಸನ್ ಸುತ್ತುವವರಿಗೆ ಇದೆಲ್ಲ ಬೇಡ, ಆದರೆ ಮನೆಯಲ್ಲಿ ಒಬ್ಬರಿಗೆ "ಇಂಥ ಸ್ಟೇಷನ್ನಲ್ಲಿ ಇಳಿದು ಇಂಥಲ್ಲಿ ಹತ್ತುತ್ತೇವೆ" ಅಂತ ಮೆಸೇಜ್ ಹಾಕಿ ಹೋಗಿ.

ಸಂಜೆ ಸ್ಟೇಷನ್‌ಗೆ ಬಂದ ಕೂಡಲೇ ಕಂಬಕ್ಕೆ ಕಾರ್ಡ್ ತಾಗಿಸಿ, ಆಮೇಲೆ ಶೂ ಬಿಚ್ಚಿ ಸಾಕ್ಸ್ ಒಳಗೊಮ್ಮೆ ನೋಡಿ. ಒಂದು ಸಲ ಉಂಬಳವೊಂದು ನಮ್ಮ ಜೊತೆ ವೆಸ್ಟ್‌ಮೀಡ್ ತನಕ ಬಂದಿತ್ತು.